ಎಂಬತ್ತೊಂದರ ಸಾಫ್ಟ್‌ವೇರ್ ವರ

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳ ಇತಿಹಾಸದಲ್ಲಿ ಕೋಟೆಗಳು ಬಿದ್ದಿವೆ, ಕೆರೆಗಳು ಒಡೆದಿವೆ, ಪಾಳೆಯಗಾರರು ಎದ್ದು ಅಳಿದಿದ್ದಾರೆ. ಆದರೆ ಕಳೆದ ಮಾಘದ ಒಂದು ಭಾನುವಾರ ಬೆಳಿಗ್ಗೆ ಎಂಟೂವರೆಗೆ ನಡೆದದ್ದರ ಮುಂದೆ ಅವೆಲ್ಲ ಸಣ್ಣ ಮಾತು. ಅಂದು ಚನ್ನು ಒಂದು ಫಾರಮ್ಮಿನಲ್ಲಿ ಖಾಲಿ ಉಳಿದಿದ್ದ 'ಮನೆಯ ಹಿರಿಯರು' ಎಂಬ ಜಾಗವನ್ನು ತುಂಬಿದ.

ತುಂಬು ಎಂದು ಹೇಳಿದವರು ಕಮಲಾಕ್ಷಮ್ಮ. ಶಿರಾದಲ್ಲಿ ವಧು-ವರರ ಕೇಂದ್ರ ನಡೆಸುವ ಈಕೆ ಅಷ್ಟರಲ್ಲಿ ತೊಂಬತ್ತೊಂಬತ್ತು ಮದುವೆ ಮಾಡಿಸಿದ್ದರು. ಪ್ರತಿ ಜೋಡಿಯ ಫೋಟೋವೂ ಆಫೀಸಿನ ಗೋಡೆಯ ಮೇಲಿತ್ತು. ನೂರನೆಯದಕ್ಕೆಂದು ಮೊಳೆ ಹೊಡೆಸಿ ಎಂಟು ತಿಂಗಳಾಗಿತ್ತು. ಬಂದವರು ತೊಂಬತ್ತೊಂಬತ್ತು ಫೋಟೋ ಬಿಟ್ಟು ಆ ಬರೀ ಮೊಳೆಯನ್ನೇ ನೋಡುತ್ತಿದ್ದರು. ಅದು ಗೋಡೆಗಿಂತ ಹೆಚ್ಚಾಗಿ ಕಮಲಾಕ್ಷಮ್ಮನವರ ಎದೆಗೇ ನಾಟಿತ್ತು.

"ಚನ್ನು, ನಿನ್ನ ಹೆಸರಿನ ಮುಂದೆ ಕೆಂಪಗೆ ಏನೋ ತೋರಿಸ್ತೈತಲ್ಲಪ್ಪಾ," ಎಂದು ಅವರು ಬೆಳಿಗ್ಗೆಯೇ ಫೋನ್ ಮಾಡಿದರು.

"ಅದು ವಿವರ ಅಪೂರ್ಣ ಅಂತ, ಅಮ್ಮಾ. ಮನೆ ಹಿರಿಯರ ಹೆಸರು ಹಾಕಿಲ್ಲ, ಅಷ್ಟೆ."

"ಮಧ್ಯಾಹ್ನ ಹನ್ನೆರಡಕ್ಕೆ ಹೆಣ್ಣಿನ ಕಡೆಯೋರು ನಿಮ್ಮನೆ ನೋಡೋಕೆ ಬರ್ತಾವ್ರೆ. ಇಂಥ ದಿನ ಕೆಂಪು ಒಳ್ಳೇದಲ್ಲ ಕಣಪ್ಪ. ತುಂಬ್ಬುಡು ಅತ್ಲಾಗೆ."

ಚನ್ನುವಿಗೆ ಮೂವತ್ತೊಂದು ವರ್ಷ. ಶಿರಾದ ಕಡಲೆಕಾಯಿ ಮಂಡಿಯ ಮಹಡಿಯಲ್ಲಿ ಅವನದೊಂದು ಕೋಣೆ, ಎರಡು ಕಂಪ್ಯೂಟರು. ಕೀಬೋರ್ಡ್ ತಿರುವಿ ಹಾಕಿ ಕೊಡವಿದರೆ ಒಂದು ಹಿಡಿ ಕಡಲೆಹೊಟ್ಟು ಬೀಳುತ್ತಿತ್ತು. ಅಲ್ಲೇ ಕೂತು ಸಾಫ್ಟ್‌ವೇರ್ ಬರೆಯುತ್ತಿದ್ದ. ಇದನ್ನು ಹದಿಮೂರು ಮಂದಿ ಹೆಣ್ಣುಹೆತ್ತವರು ನಂಬಿರಲಿಲ್ಲ. ಶಿರಾದಲ್ಲಿ ಕೂತು ಸಾಫ್ಟ್‌ವೇರ್ ಮಾಡುತ್ತೇನೆ ಎನ್ನುವುದೂ ಪಾವಗಡದಲ್ಲಿ ಹಡಗು ನಡೆಸುತ್ತೇನೆ ಎನ್ನುವುದೂ ಅವರ ಕಿವಿಗೆ ಒಂದೇ ಥರ ಕೇಳಿಸುತ್ತಿತ್ತು. ಹದಿನಾಲ್ಕನೆಯವಳು ತೇಜಸ್ವಿನಿ. ಪಾವಗಡದವಳು, ಮಧುಗಿರಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದಳು. ಅವಳೊಬ್ಬಳೇ ನಂಬಿದ್ದು.

ಎರಡು ವಾರದ ಹಿಂದೆ ಹೆಣ್ಣು ನೋಡಲು ಹೋದಾಗ ಹಿರಿಯರು ಇಬ್ಬರನ್ನೂ ಹತ್ತು ನಿಮಿಷ ತಾರಸಿಗೆ ಅಟ್ಟಿದ್ದರು. ಬೇರೆ ಹುಡುಗಿಯರು ಸಿನಿಮಾ, ಸಂಬಳ, ಅತ್ತೆಯ ಸ್ವಭಾವ ಕೇಳುತ್ತಿದ್ದರು. ತೇಜಸ್ವಿನಿ, "ಡೇಟಾನೆಲ್ಲ ಹೆಂಗೆ ಇಡ್ತೀರಾ?" ಎಂದು ಕೇಳಿದಳು. ಚನ್ನುವಿಗೆ ಆ ಕ್ಷಣವೇ ತಾಳಿ ಕಟ್ಟಬೇಕೆನಿಸಿತ್ತು.

ಅವನು ಹೇಳಿದ್ದ: ಕಮಲಾಕ್ಷಮ್ಮನವರ ಕೇಂದ್ರಕ್ಕೆ ತಾನು ಬರೆದುಕೊಟ್ಟ ತಂತ್ರಾಂಶದಲ್ಲಿ ಪ್ರತಿ ಮನುಷ್ಯನೂ ಒಂದು ಸಾದಾ ಆಬ್ಜೆಕ್ಟು, ವಿವರಗಳ ಒಂದು ಪುಟ್ಟ ಡಬ್ಬಿ. ಹೆಸರು, ತಂದೆ, ಊರು, ಫೋನು, ವಯಸ್ಸು, ನಕ್ಷತ್ರ, ಕೆಲಸ, ಹವ್ಯಾಸ, ಅಪೇಕ್ಷೆ, ಒಂದು ಫೋಟೋ, ಅಷ್ಟೆ. ಗಂಡಾಗಲಿ ಹೆಣ್ಣಾಗಲಿ ಮನೆಯ ಹಿರಿಯರಾಗಲಿ ಎಲ್ಲರಿಗೂ ಒಂದೇ ಅಚ್ಚು. ಡೇಟಾಬೇಸ್ ಎಂಬುದೊಂದು ಇದೆ ಎಂದು ಆ ಬಡಪಾಯಿ ಆಬ್ಜೆಕ್ಟಿಗೆ ಗೊತ್ತೇ ಇಲ್ಲ. ಯಾರೂ 'ಸೇವ್' ಒತ್ತಬೇಕಿಲ್ಲ. ಅದರಲ್ಲಿ ಏನು ಬದಲಾದರೂ ಕೆಳಗೆ ಕೂತ ಯಂತ್ರ ತಾನೇ ಕಂಡುಕೊಂಡು ತಾನೇ ಒಯ್ದು ಡೇಟಾಬೇಸಿಗೆ ಮುಟ್ಟಿಸುತ್ತದೆ, ನಮ್ಮನೆ ಸುದ್ದಿಯನ್ನು ಪಕ್ಕದ ಮನೆಯಾಕೆ ಬೀದಿಗೆ ಮುಟ್ಟಿಸಿದ ಹಾಗೆ.

"ಸರಿ. ಇಬ್ರು ಬೇರೆ ಬೇರೆ ಜನ ಅಂತ ಅದಕ್ಕೆ ಹೆಂಗೆ ಗೊತ್ತಾಗುತ್ತೆ?"

"ಒಬ್ಬೊಬ್ರಿಗೊಂದು ನಂಬರ್ ಕೊಡೋಣ ಅಂದೆ. ಕಮಲಾಕ್ಷಮ್ಮ, 'ನಂಬರ್ ಹಾಕೋಕೆ ಅವ್ರೇನು ಜೈಲಲ್ಲವ್ರಾ? ಹೆಸರೇನು, ಯಾರ ಮಗ, ಯಾವೂರು, ಅಷ್ಟು ಸಾಕು' ಅಂದ್ರು. ಅದೂ ಸರೀನೇ. ಮೂರೂ ಒಂದೇ ಇರೋ ಇಬ್ರು ಎಲ್ಲಿ ಸಿಗ್ತಾರೆ ಹೇಳಿ?"

ತೇಜಸ್ವಿನಿ ಏನೋ ಹೇಳಲು ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಅವಳ ಅಜ್ಜಿ, ಅಪ್ಪನ ತಾಯಿ ಪೆದ್ದಮ್ಮ, ಕೆಳಗಿನಿಂದ ತಮ್ಮ ತೆಲುಗು ಬೆರೆತ ಕನ್ನಡದಲ್ಲಿ, "ಏಮಯ್ಯಾ ಅಬ್ಬಾಯ್, ಇಳ್ದು ಬಾ, ಉಪ್ಪಿಟ್ಟು ಆರೋಗ್ತೈತೆ!" ಎಂದು ಕೂಗಿದ್ದರು. ಮಾತು ಅಲ್ಲಿಗೇ ನಿಂತಿತ್ತು.

ಮೂರೂ ಒಂದೇ ಇರುವ ಇಬ್ಬರು ಅವನ ಮನೆಯಲ್ಲೇ ಇದ್ದರು. ಪಟ್ಟನಾಯಕನಹಳ್ಳಿಯ ಆ ಮನೆಯಲ್ಲಿ ಆರು ತಲೆಮಾರಿನಿಂದ ಎರಡೇ ಹೆಸರು. ಅಪ್ಪ ಪರ್ವತಯ್ಯನಾದರೆ ಮಗ ಚನ್ನಮಲ್ಲಯ್ಯ, ಅವನ ಮಗ ಮತ್ತೆ ಪರ್ವತಯ್ಯ, ಅವನ ಮಗ ಮತ್ತೆ ಚನ್ನಮಲ್ಲಯ್ಯ, ಗಡಿಯಾರದ ಲೋಲಕ ಅತ್ತಿತ್ತ ಹೋದ ಹಾಗೆ. ತಾತನ ಹೆಸರು ಮೊಮ್ಮಗನಿಗೆ. ಆದರೆ ತಾಯಿ ಇಂದ್ರಮ್ಮ ಮಾವನ ಹೆಸರನ್ನು ಬಾಯಲ್ಲಿ ಹೇಳುವಂತಿಲ್ಲ. ಹಾಗಾಗಿ ಹೆತ್ತ ಮಗನನ್ನು ಮೂವತ್ತೊಂದು ವರ್ಷದಿಂದ 'ಮರಿ' ಎಂದೇ ಕರೆಯುತ್ತಿದ್ದರು. ಊರವರು ಚನ್ನು ಎಂದರು. 'ಚನ್ನಮಲ್ಲಯ್ಯ ಬಿನ್ ಪರ್ವತಯ್ಯ' ಎಂಬುವನು ಆಧಾರ್ ಕಾರ್ಡಿನೊಳಗೆ ಮಾತ್ರ ವಾಸವಾಗಿದ್ದ. ಅಲ್ಲಿಗೆ ಚನ್ನು ಹೋಗುತ್ತಿದ್ದುದು ಅಪರೂಪ.

ಆ ಭಾನುವಾರ ಚನ್ನು ತಾತನ ವಿವರ ತುಂಬಿದ. ಮನೆಯ ಹಿರಿಯರು: ಚನ್ನಮಲ್ಲಯ್ಯ. ತಂದೆ: ಪರ್ವತಯ್ಯ. ಊರು: ಪಟ್ಟನಾಯಕನಹಳ್ಳಿ. ವಯಸ್ಸು: ಎಂಬತ್ತೊಂದು. ತಾತನ ಫೋನ್ ನಂಬರನ್ನೂ, ಪೇಟ ಸುತ್ತಿ ವಿಭೂತಿ ಬಳಿದುಕೊಂಡು ಬೊಚ್ಚುಬಾಯಲ್ಲಿ ನಗುತ್ತಿದ್ದ ಫೋಟೋವನ್ನೂ ಹಾಕಿದ. ಉಳಿದದ್ದನ್ನು ಖಾಲಿ ಬಿಟ್ಟ. ಖಾಲಿ ಬಿಟ್ಟ ಕಡೆ ಮೊದಲಿದ್ದದ್ದನ್ನೇ ಇಟ್ಟುಕೋ ಎಂದು ತಂತ್ರಾಂಶಕ್ಕೆ ಕಲಿಸಿದ್ದವನೂ ಅವನೇ.

ಯಂತ್ರ ನೋಡಿತು. ಈ ಮನುಷ್ಯ ನಮ್ಮಲ್ಲಿ ಆಗಲೇ ಇದ್ದಾನೆ. ಪಾಪ, ಸ್ವಲ್ಪ ಬದಲಾಗಿದ್ದಾನೆ. ಬದಲಾದದ್ದನ್ನು ಒಯ್ದು ಇಟ್ಟಿತು. ವಿವರ ಬದಲಾದರೆ ಎಲ್ಲರಿಗೂ ತಿಳಿಸಬೇಕು ಎಂಬುದೂ ಅದಕ್ಕೆ ನೆನಪಿತ್ತು. ನಾಲ್ಕು ತಾಲ್ಲೂಕಿನ ಸಾವಿರದ ನೂರು ಫೋನುಗಳು ಒಟ್ಟಿಗೆ ಕುಯ್‌ಗುಟ್ಟಿದವು:

'ವರನ ವಿವರ ಪರಿಷ್ಕರಿಸಲಾಗಿದೆ. ಚನ್ನಮಲ್ಲಯ್ಯ, ಪಟ್ಟನಾಯಕನಹಳ್ಳಿ. ವಯಸ್ಸು: 81. ಕೆಲಸ: ಸಾಫ್ಟ್‌ವೇರ್. ಹವ್ಯಾಸ: ಬೈಕ್ ಪ್ರವಾಸ, ಈಜು. ಅಪೇಕ್ಷೆ: ವಿದ್ಯಾವಂತೆ, ನಗುಮುಖದವಳು.'

ಜೊತೆಗೆ ಬೊಚ್ಚುಬಾಯಿಯ ಫೋಟೋ.

ಕಮಲಾಕ್ಷಮ್ಮನವರ ಫೋನ್ ಬರಲು ಒಂದು ನಿಮಿಷವೂ ಹಿಡಿಯಲಿಲ್ಲ. "ಚನ್ನು! ಕಾಫಿ ಕುಡಿಯೋಷ್ಟರಲ್ಲಿ ಐವತ್ತು ವರ್ಷ ಹೆಂಗಪ್ಪಾ ಜಾಸ್ತಿಯಾದೆ?"

"ಸಣ್ಣ ತಪ್ಪು, ಅಮ್ಮಾ. ಈಗ ಸರಿ ಮಾಡ್ತೀನಿ."

ವಯಸ್ಸಿನ ಜಾಗದಲ್ಲಿ ಮೂವತ್ತೊಂದು ಎಂದು ತಿದ್ದಿದ. ಫೋಟೋ ಬದಲಿಸಲು ಕೈ ಹೋಗುವಷ್ಟರಲ್ಲೇ ಯಂತ್ರ ತನ್ನ ಕೆಲಸ ಮುಗಿಸಿತ್ತು. ಸೇವ್ ಒತ್ತುವವರೆಗೆ ಕಾಯಲು ಅಲ್ಲಿ ಸೇವ್ ಎಂಬುದೇ ಇರಲಿಲ್ಲ. ಅದೇ ಅಲ್ಲವೇ ಅವನ ಹೆಮ್ಮೆ! ಈಗ ಸಾವಿರದ ನೂರು ಫೋನುಗಳಲ್ಲಿ ಬೊಚ್ಚುಬಾಯಿ ತಾತನ ಕೆಳಗೆ 'ವಯಸ್ಸು: 31' ಎಂದಿತ್ತು. ಹುಡುಗನಿಗೆ ಏನು ಕಾಯಿಲೆ ಎಂದು ಕೊರಟಗೆರೆಯಿಂದ ಒಬ್ಬರು ಕೇಳಿದರು. ಐದೇ ನಿಮಿಷದಲ್ಲಿ ಐವತ್ತು ವರ್ಷ ಇಳಿಸಿದ ಪಂಡಿತರ ವಿಳಾಸ ಕೊಡಿ ಎಂದು ಮಧುಗಿರಿಯಿಂದ ಇಬ್ಬರು ಕೇಳಿದರು.

"ನಿಮ್ಮ ತಾತನ್ನ ತೆಗೆದಾಕ್ಬುಡು ಅತ್ಲಾಗೆ!" ಎಂದು ಕಮಲಾಕ್ಷಮ್ಮ ಕಿರುಚಿದರು. "ಅವ್ರು ಬಂದ್ಮೇಲೇ ತಾನೇ ಇಷ್ಟೆಲ್ಲ ಆಗಿದ್ದು?"

ಗಾಬರಿಯಲ್ಲಿದ್ದವನಿಗೆ ಎಂಥ ಸಲಹೆಯೂ ಸಲಹೆಯೇ. ಚನ್ನು ತಾತನನ್ನು ಅಳಿಸಿದ. ತಾತ ಹೋದರು; ಅದೇ ಸಾಲಿನಲ್ಲಿದ್ದ ಮೊಮ್ಮಗನೂ ಹೋದ. ಕೇಂದ್ರದ ಪಟ್ಟಿಯಿಂದ ವರನೊಬ್ಬ ಹೋಗಬೇಕಾದರೆ ಅದಕ್ಕೆ ಒಂದೇ ಕಾರಣವಿರಬೇಕು ಎಂದು ಕಮಲಾಕ್ಷಮ್ಮ ಹಿಂದೆ ಹಟ ಹಿಡಿದು ಬರೆಸಿದ್ದರು. ಅದರ ಸಂದೇಶ ಎಲ್ಲ ಫೋನುಗಳಿಗೂ ಹೊರಟಿತು:

'ಸಂತಸದ ಸುದ್ದಿ! ಚನ್ನಮಲ್ಲಯ್ಯ ಅವರಿಗೆ ಮದುವೆ ಗೊತ್ತಾಗಿದೆ. ನೂತನ ಜೋಡಿಗೆ ಹಾರೈಸಿ.'

ಕೆಳಗೆ ತಾತನ ಫೋನ್ ನಂಬರು.

ತೇಜಸ್ವಿನಿಯ ಅಪ್ಪ ಪ್ರಭುದೇವ್ ಅವರೂ ಆ ಸಾವಿರದ ನೂರರಲ್ಲಿ ಒಬ್ಬರು. ಹೆಣ್ಣಿನ ಕಡೆಯವರು ದಾರಿಯಲ್ಲಿದ್ದಾಗ ಗಂಡಿಗೆ ಬೇರೆ ಕಡೆ ಗೊತ್ತಾಗಿದೆ ಎಂದರೆ? ಹದಿನಾಲ್ಕನೆಯದೂ ಹೋಯಿತು! ಚನ್ನು ಬ್ಯಾಕಪ್ಪಿನಿಂದ ಆ ಸಾಲನ್ನು ವಾಪಸ್ ತಂದ. ಬಂದದ್ದು ಎಂಟೂವರೆಯ ಸಾಲು, ಎಂಬತ್ತೊಂದು ವರ್ಷದ್ದು. ಹೊಸ ವರ ಬಂದನೆಂದು ಯಂತ್ರ ಹಿಗ್ಗಿ, ವಯಸ್ಸಿಗೆ ತಕ್ಕ ವಧುವನ್ನು ಹುಡುಕಲು ಹೊರಟಿತು. ಹಿರಿಯರಿಗೂ ಕಿರಿಯರಿಗೂ ಒಂದೇ ಅಚ್ಚು ತಾನೇ? ತೇಜಸ್ವಿನಿಯ ಫಾರಮ್ಮಿನ 'ಮನೆಯ ಹಿರಿಯರು' ಜಾಗದಲ್ಲಿ ಕೂತಿದ್ದ ಪೆದ್ದಮ್ಮ, ಎಪ್ಪತ್ನಾಲ್ಕು, ಅದಕ್ಕೆ ಬಹಳ ಒಪ್ಪಿಗೆಯಾದರು. ತಾತನ ನಕ್ಷತ್ರ ಖಾಲಿ ಬಿಟ್ಟಿದ್ದರಿಂದ ಅಲ್ಲಿ ಚನ್ನುವಿನ ನಕ್ಷತ್ರವೇ ಇತ್ತು. ಸಾಲಾವಳಿ ಮೂವತ್ತಾರಕ್ಕೆ ಮೂವತ್ತೊಂದು. ಶುಭಸುದ್ದಿ ಎರಡೂ ಕಡೆಯ ಫೋನಿಗೆ ಹೋಯಿತು.

ಚನ್ನು ಕಂಪ್ಯೂಟರಿನ ವೈರನ್ನು ಗೋಡೆಯಿಂದಲೇ ಕಿತ್ತ. ಆಮೇಲೆ ಬೈಕ್ ಹತ್ತಿ ಊರಿನ ದಾರಿ ಹಿಡಿದ.

ಮನೆಯ ಜಗಲಿಯ ಮೇಲೆ ತಾತ ಹೊಸ ಪಂಚೆ ಉಟ್ಟು, ಮುಖ ಹೆರೆಸಿಕೊಂಡು, ಫೋನನ್ನು ಕಿವಿಗೊತ್ತಿ ಕೂತಿದ್ದರು. ಹೆಂಡತಿ ತೀರಿಕೊಂಡು ಹನ್ನೆರಡು ವರ್ಷವಾದ ಮೇಲೆ ಅವರು ದಿನಕ್ಕೆರಡು ಬಾರಿ ಹಸುವಿನ ಹತ್ತಿರ, ಒಂದು ಬಾರಿ ಸೊಸೆಯ ಹತ್ತಿರ ಮಾತಾಡುತ್ತಿದ್ದರು. ಇಂದು ಬೆಳಿಗ್ಗೆಯಿಂದ ಮಾತೇ ನಿಂತಿರಲಿಲ್ಲ. ಒಳಗಿನಿಂದ ಇಂದ್ರಮ್ಮ ಓಡಿಬಂದರು.

"ಏನ್ ಮಾಡ್ಬುಟ್ಟೋ ಮರಿ! ಮಾವನೋರ್ಗೆ ಎಪ್ಪತ್ತು ಜನ ಫೋನ್ ಮಾಡಿ ಒಳ್ಳೇದಾಗ್ಲಿ ಅಂದವ್ರೆ. 'ಹೆಣ್ಣು ಯಾವೂರ್ದು' ಅಂತ ನನ್ನನ್ನ ಕೇಳ್ತಾರೆ!"

"ತಾತಾ, ಅದೆಲ್ಲ ಸುಳ್ಳು ತಾತಾ. ಕಂಪ್ಯೂಟರ್ ತಪ್ಪು."

ತಾತ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದರು. "ಗೊತ್ತು ಕಣ್ಲಾ. ಸುಮ್ಕಿರು, ಮಾತಾಡ್ತಾ ಇವ್ನಿ." ಮತ್ತೆ ಫೋನಿಗೆ, "ಹೂಂ, ಹೇಳಿ, ಆಮೇಲೆ ಬೆಟ್ಟ ಹತ್ತಿದ್ರಾ ಇಲ್ವಾ?" ಎಂದರು.

ಹನ್ನೆರಡಕ್ಕೆ ಸರಿಯಾಗಿ ಪಾವಗಡದ ಕಾರು ಬಂದು ನಿಂತಿತು. ಮೊದಲು ಇಳಿದವರು ಪ್ರಭುದೇವ್. ಮುಖ ಹುರಿದ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿತ್ತು. ಹಿಂದೆ ತೇಜಸ್ವಿನಿ. ಕೊನೆಗೆ, ಕಿವಿಯಿಂದ ಫೋನ್ ತೆಗೆಯುತ್ತ ಪೆದ್ದಮ್ಮ. ಅದೇ ಹೊತ್ತಿಗೆ ಆಟೋದಲ್ಲಿ ಕಮಲಾಕ್ಷಮ್ಮನೂ ಬಂದಿಳಿದರು, ನೂರನೆಯ ಫೋಟೋಕ್ಕೆಂದು ಖಾಲಿ ಚೌಕಟ್ಟನ್ನು ಚೀಲದಲ್ಲಿಟ್ಟುಕೊಂಡು.

"ಏನ್ರೀ ಇದು?" ಎಂದು ಪ್ರಭುದೇವ್ ಚನ್ನುವಿನ ಅಪ್ಪ ಪರ್ವತಯ್ಯನವರ ಮೇಲೆ ಏರಿಹೋದರು. "ಒಂದ್ಸಲ ಗಂಡಿಗೆ ಎಂಬತ್ತೊಂದು ಅಂತೀರಾ, ಒಂದ್ಸಲ ಮದ್ವೆ ಗೊತ್ತಾಯ್ತು ಅಂತೀರಾ. ಕೊನೆಗೆ ನಮ್ಮವ್ವನ್ನೇ ಹೆಣ್ಣು ಕೇಳ್ತೀರಾ! ಅವ್ವನಂತೂ ದಾರಿ ಉದ್ದಕ್ಕೂ ಆ ಫೋನ್ ಬಿಡ್ಲಿಲ್ಲ. ಯಾರವ್ವ ಅಂದ್ರೆ ಕಸ್ಟಮರ್ ಕೇರ್ ಅಂತಾರೆ!"

ಪರ್ವತಯ್ಯ ಏನೂ ತಿಳಿಯದೆ ಎಲ್ಲರಿಗೂ ಕೈ ಮುಗಿದರು. ಚನ್ನು ಬಾಯಿ ತೆರೆದ. ಸಾದಾ ಆಬ್ಜೆಕ್ಟು ಎಂಬುದಕ್ಕಿಂತ ಮುಂದೆ ಹೋಗಲಾಗಲಿಲ್ಲ.

ತೇಜಸ್ವಿನಿ ನಗು ತಡೆದುಕೊಳ್ಳುತ್ತ ಮುಂದೆ ಬಂದಳು. "ನಿಮ್ಮ ತಾತನ ಹೆಸರೇನು?"

"ಚನ್ನಮಲ್ಲಯ್ಯ."

"ಅವರಪ್ಪ?"

"ಪರ್ವತಯ್ಯ."

"ನಿಮ್ಮದು? ಪೂರ್ತಿ ಹೆಸರು."

ಬೆಳಿಗ್ಗೆಯಿಂದ ಕಾಣದಿದ್ದದ್ದು ಚನ್ನುವಿಗೆ ಈಗ ಕಂಡಿತು.

"ಅವತ್ತು ತಾರಸೀಲಿ ಇದನ್ನೇ ಹೇಳೋಕೆ ಬಂದೆ, ಉಪ್ಪಿಟ್ಟು ಅಡ್ಡ ಬಂತು," ಎಂದಳು ತೇಜಸ್ವಿನಿ. ಅಪ್ಪನ ಕಡೆ ತಿರುಗಿ, "ಏನಿಲ್ಲಪ್ಪ, ಇವರ ಪ್ರೋಗ್ರಾಂಗೆ ತಾತ ಮೊಮ್ಮಗ ಇಬ್ರೂ ಒಬ್ರೇ ಅನ್ನಿಸ್ಬಿಟ್ಟಿದೆ. ಇವರು ಯಾರ ಹತ್ರಾನೂ ಸುಳ್ಳು ಹೇಳಿಲ್ಲ. ಪೆದ್ದು ಅಷ್ಟೆ," ಎಂದಳು.

ಪೆದ್ದು ಎಂಬ ಮಾತನ್ನು ಇಷ್ಟು ಅಕ್ಕರೆಯಿಂದ ಯಾರೂ ಚನ್ನುವಿಗೆ ಹೇಳಿರಲಿಲ್ಲ. ಪ್ರಭುದೇವ್ ಒಂದು ಕ್ಷಣ ಲೆಕ್ಕ ಹಾಕಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಪರ್ವತಯ್ಯನೂ ನಕ್ಕರು, ಇಂದ್ರಮ್ಮ ಒಬ್ಬಟ್ಟು ತಂದರು. ಮನೆ, ಹಿತ್ತಲು, ಬಾವಿ ಎಲ್ಲ ನೋಡಿದ್ದಾಯಿತು. ಪ್ರಭುದೇವ್ ಮೂರನೆಯ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡರು. ಮೂರನೆಯ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡ ಹೆಣ್ಣಿನ ತಂದೆ ಇಲ್ಲ ಎಂದದ್ದನ್ನು ಕಮಲಾಕ್ಷಮ್ಮ ತಮ್ಮ ವೃತ್ತಿಜೀವನದಲ್ಲೇ ಕಂಡಿರಲಿಲ್ಲ. ಅವರು ಚೀಲದಿಂದ ಚೌಕಟ್ಟು ತೆಗೆದು ಸೆರಗಿನಿಂದ ಒರೆಸತೊಡಗಿದರು.

"ಅವ್ವ ಒಂದು ಮಾತು ಹೇಳಿಬಿಡ್ಲಿ," ಎಂದರು ಪ್ರಭುದೇವ್. "ನಮ್ಮನೇಲಿ ಕೊನೇ ಮಾತು ಅವರದೇ. ಅವ್ವಾ?"

ಆಗ ಎಲ್ಲರೂ ನೋಡಿದರು. ಪೆದ್ದಮ್ಮ ಜಗಲಿಯ ಮೇಲೆ ತಾತನ ಪಕ್ಕದಲ್ಲಿ ಕೂತು ಹುರಿಗಡಲೆಯನ್ನು ಕುಟ್ಟಾಣಿಯಲ್ಲಿ ಪುಡಿ ಮಾಡಿ, ಬೆಲ್ಲ ಬೆರೆಸಿ, ಅರ್ಧ ತಾವು ಬಾಯಿಗೆ ಹಾಕಿಕೊಂಡು ಅರ್ಧ ತಾತನ ಅಂಗೈಗೆ ಹಾಕುತ್ತಿದ್ದರು.

"ನಾನು ಒಪ್ಪಿದ್ದೀನಿ ನಾಯನಾ," ಎಂದರು ಪೆದ್ದಮ್ಮ. "ಒಳ್ಳೆ ಮನೆ. ಈ ಸಂಬಂಧ ಬಿಡಕೂಡದು."

ಚನ್ನುವಿನ ಎದೆ ಹಿಗ್ಗಿತು. ತೇಜಸ್ವಿನಿಯ ಕಡೆ ನೋಡಿದ. ಅವಳು ಕೆಳಗೆ ನೋಡಿದಳು. ಇಂದ್ರಮ್ಮ ಕಣ್ಣೊರೆಸಿಕೊಂಡರು.

"ಹಂಗಾದ್ರೆ ದಿನ ನೋಡೋದೇ," ಎಂದರು ಕಮಲಾಕ್ಷಮ್ಮ.

"ನೋಡಮ್ಮಾ, ಬೇಗ ನೋಡು. ನಮ್ಮಿಬ್ಬರಿಗೂ ವಯಸ್ಸಾಯ್ತು," ಎಂದರು ಪೆದ್ದಮ್ಮ.

ಹಿತ್ತಲಲ್ಲಿ ಹಸು ಕೂಗಿದ್ದು ಎಲ್ಲರಿಗೂ ಕೇಳಿಸಿತು.

"ಅವ್ವಾ," ಎಂದು ಪ್ರಭುದೇವ್ ನಿಧಾನವಾಗಿ ಕೇಳಿದರು, "ಯಾವ ಚನ್ನಮಲ್ಲಯ್ಯನ್ನ ಒಪ್ಪಿದ್ದು?"

"ಏಮಿರಾ ಹಂಗೆ ಕೇಳ್ತೀಯಾ? ಫೋಟೋದಾಗಿದ್ದೋರ್ನೇ! ಬೈಯೋಣ ಅಂತ ಫೋನ್ ಮಾಡ್ದೆ. ಬೈಗುಳ ಮುಗಿಯೋವರ್ಗೂ ಸುಮ್ನೆ ಕೇಳಿ, 'ಉಸಿರು ತಗೊಳ್ಳಿ, ನೀರು ಕುಡೀರಿ' ಅಂದ್ರು. ನಲವತ್ತು ವರ್ಷ ನಿಮ್ಮಪ್ಪನ ಜೊತೆ ಬಾಳಿದ್ನಲ್ಲ, ಒಂದು ದಿನ ಆ ಮಾತು ಕೇಳಿಲ್ಲ. ನಿಡುಗಲ್ ಬೆಟ್ಟಕ್ಕೆ ಕರ್ಕೊಂಡು ಹೋಗ್ತಾರಂತೆ. ಬೈಕಿನಾಗೆ!"

"ತಾತಂಗೆ ಬೈಕ್ ಬರಲ್ಲ!" ಎಂದ ಚನ್ನು. ಅವನ ದನಿ ಕೀರಲಾಗಿತ್ತು. "ಹವ್ಯಾಸ ನಂದು! ಸಾಫ್ಟ್‌ವೇರ್ ನಂದು! ಸಾಲಾವಳಿ ಕೂಡಿದ್ದೂ ನನ್ನ ನಕ್ಷತ್ರದ್ದು!"

ತಾತ ಅಂಗೈಯ ಪುಡಿಯನ್ನು ಬಾಯಿಗೆ ಹಾಕಿಕೊಂಡು, ನಿಧಾನವಾಗಿ ನುಂಗಿ, ಹೇಳಿದರು: "ಇರ್ಲಿ ಬುಡ್ಲಾ. ನಿಂಗೆ ಹೆಸರು ಕೊಟ್ಟೋನು ನಾನು. ನೀನು ಒಂದು ನಕ್ಷತ್ರ ಕೊಡಾಕಿಲ್ವಾ?"

ಪರ್ವತಯ್ಯ ಮೊದಲ ಬಾರಿಗೆ ಬಾಯಿಬಿಟ್ಟರು. "ಒಂದೇ ಮನೇಲಿ ಎರಡು ಮದ್ವೆ ಆಗ್ಲಿ ಬುಡಿ. ಒಂದೇ ಚಪ್ಪರ."

ಚನ್ನುವಿಗೆ ಹೋದ ಜೀವ ಬಂದಂತಾಯಿತು. ಹೌದಲ್ಲ! ಎರಡು ಮದುವೆಯಾದರೆ ಯಾರಿಗೇನು ನಷ್ಟ? ಆದರೆ ಕಮಲಾಕ್ಷಮ್ಮ ಚೌಕಟ್ಟನ್ನು ತೊಡೆಯ ಮೇಲಿಟ್ಟು ಬೆರಳು ಮಡಿಸತೊಡಗಿದ್ದರು. ತೊಂಬತ್ತೊಂಬತ್ತು ಮದುವೆ ಮಾಡಿಸಿದ ಬೆರಳುಗಳು, ಅವು ತಪ್ಪುತ್ತಿರಲಿಲ್ಲ.

"ತಾಳಿ, ತಾಳಿ. ಪೆದ್ದಮ್ಮನೋರು ಈ ತಾತನ ಕೈ ಹಿಡಿದ್ರೆ ಅವರ ಮಗ ಪ್ರಭುದೇವ್ ಈ ಪರ್ವತಯ್ಯನಿಗೆ ಏನಾಗ್ಬೇಕು?"

"ತಮ್ಮ," ಎಂದರು ಇಂದ್ರಮ್ಮ.

"ಅಂದ್ರೆ ಚನ್ನುಗೆ?"

"ಚಿಕ್ಕಪ್ಪ," ಎಂದು ಹೇಳಿ ಇಂದ್ರಮ್ಮ ಬಾಯಿಗೆ ಸೆರಗು ಮುಚ್ಚಿಕೊಂಡರು.

"ಚಿಕ್ಕಪ್ಪನ ಮಗಳು?"

ಪ್ರಭುದೇವ್ ಒಬ್ಬಟ್ಟಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಪೆದ್ದಮ್ಮನೋರು ಹುಡುಗಿ ತಾಯಿಯ ತಾಯಿ ಆಗಿದ್ರೆ ತೊಂದ್ರೇನೇ ಇರ್ಲಿಲ್ಲ," ಎಂದು ಕಮಲಾಕ್ಷಮ್ಮ ಶಾಸ್ತ್ರಕ್ಕೆಂಬಂತೆ ಹೇಳಿದರು. "ಆಗ ಹುಡುಗಿ ಸೋದರತ್ತೆ ಮಗಳಾಗ್ತಿದ್ಲು, ಇನ್ನೂ ಒಳ್ಳೇದಾಗ್ತಿತ್ತು. ಇದು ಅಪ್ಪನ ತಾಯಿ. ಎರಡರಲ್ಲಿ ಒಂದೇ ಆಗೋದು."

ಚನ್ನು ಕೊನೆಯ ಆಸೆಯಿಂದ ತೇಜಸ್ವಿನಿಯ ಕಡೆ ನೋಡಿದ. ಅವಳು ಜಗಲಿಯ ಕಡೆ ನೋಡುತ್ತಿದ್ದಳು. ಅಲ್ಲಿ ತಾತ ಏನೋ ಹೇಳಿದರು. ಪೆದ್ದಮ್ಮ ತಾತನ ತೋಳಿಗೆ ಒಂದು ಏಟು ಹಾಕಿ, ಬಾಯಿ ತುಂಬ ಹುರಿಗಡಲೆ ಪುಡಿ ಇಟ್ಟುಕೊಂಡೇ ನಕ್ಕರು. ಪುಡಿ ಮಂಜಿನಂತೆ ಹಾರಿತು.

"ನಮ್ಮಜ್ಜಿ ಹಿಂಗೆ ನಕ್ಕಿದ್ದನ್ನ ನಾನು ನೋಡೇ ಇಲ್ಲ," ಎಂದಳು ತೇಜಸ್ವಿನಿ ಮೆಲ್ಲಗೆ. ಚನ್ನುವಿನ ಕಡೆ ತಿರುಗಿ, "ನಾವು ಚಿಕ್ಕೋರು. ನಮಗೆ ಬೇರೆ ಸಿಗ್ತಾರೆ. ಅಲ್ವಾ..." ಎಂದು ತಡೆದಳು. ಆಮೇಲೆ ವಾಕ್ಯವನ್ನು ಅರ್ಧಕ್ಕೆ ಬಿಡುವ ಅಭ್ಯಾಸವಿಲ್ಲದ ಮೇಷ್ಟರಂತೆ ಮುಗಿಸಿದಳು: "ಅಲ್ವಾ, ಅಣ್ಣಾ?"

ಕಮಲಾಕ್ಷಮ್ಮ ಎದ್ದು ಜಗಲಿಗೆ ಹೋದರು. "ಇಬ್ರೂ ಸ್ವಲ್ಪ ಹತ್ರ ಕೂತ್ಕೊಳಿ. ತಾತಾ, ಪೇಟ ನೆಟ್ಟಗೆ ಮಾಡ್ಕೊಳಿ. ಚನ್ನು, ನಿನ್ನ ಫೋನಲ್ಲಿ ಫೋಟೋ ಚೆನ್ನಾಗಿ ಬರ್ತೈತೆ, ಒಂದು ತೆಗೆಯಪ್ಪಾ."

ಚನ್ನು ತೆಗೆದ.

ಮರುದಿನ ಅವನು ತಂತ್ರಾಂಶವನ್ನು ತಿದ್ದಿದ. ಒಬ್ಬೊಬ್ಬರಿಗೂ ಒಂದೊಂದು ನಂಬರ್ ಕೊಟ್ಟ. ಕಮಲಾಕ್ಷಮ್ಮ ಈ ಸಲ ಅಡ್ಡಿ ಹೇಳಲಿಲ್ಲ. ಅವರ ಗೋಡೆಯಲ್ಲೀಗ ಬರೀ ಮೊಳೆ ಇಲ್ಲ. ಡೇಟಾಬೇಸಿನಲ್ಲಿ ಚನ್ನಮಲ್ಲಯ್ಯ ಬಿನ್ ಪರ್ವತಯ್ಯ, ಪಟ್ಟನಾಯಕನಹಳ್ಳಿ ಎಂಬುವರು ಬೇರೆ ಬೇರೆ ಸಾಲಿನಲ್ಲಿ ಇಬ್ಬರಿದ್ದಾರೆ. ಒಬ್ಬರಿಗೆ ಮದುವೆಯಾಗಿದೆ.